ಬರ್ಲಾ, ಬೇಡ್ವಾ?

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಇದು ನನ್ನ ಹೆಗ್ಗಳಿಕೆಯಲ್ಲ, ಸುತ್ತಮುತ್ತಲಿನವರೆಲ್ಲ ಸೇರಿ ಕೊಟ್ಟ ಸರ್ಟಿಫಿಕೇಟು. ಬಸ್ ನಿಲ್ದಾಣದ ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಡ, ಯಾರ ಮಗು ಕೈತಪ್ಪಿದೆ, ಯಾರ ಕೊಡೆ ಸಿಕ್ಕಿದೆ ಎಂದು ದಿನವಿಡೀ ಕೂಗಿ ಹೇಳುವುದು ನನ್ನ ಕೆಲಸ. ಸಂಜೆ ಮನೆಗೆ ಬಂದರೆ ಮಾತಿಗೆ ಯಾರೂ ಇರುವುದಿಲ್ಲ. ಹಾಗಾಗಿ ನಲ್ಲಿಯ ಜೊತೆ, ಕುಕ್ಕರಿನ ಜೊತೆ, ಟೀವಿಯಲ್ಲಿ ಹವಾಮಾನ ಹೇಳುವವನ ಜೊತೆ ಜಗಳ ಆಡುತ್ತೇನೆ. ಅಕ್ಕ ನನಗೆ ಚಿಕ್ಕಂದಿನಲ್ಲೇ ರೇಡಿಯೋ ಎಂದು ಹೆಸರಿಟ್ಟಿದ್ದಳು. ನಾನು ಮಾತು ಕಲಿಯುವ ಮುಂಚೆಯೇ ಅಮ್ಮ ತೀರಿಕೊಂಡಿದ್ದರಿಂದ ನನ್ನ ಬಾಯಲ್ಲಿ ಮೊದಲು ಬಂದ ಮಾತು ಅಮ್ಮ ಅಲ್ಲ, ಅಕ್ಕ.

ಹೀಗಿರುವಾಗ, ಒಂದು ವಾರ ಬಾಯಿ ಮುಚ್ಚಿಕೊಂಡಿರಬೇಕು ಎಂದು ಡಾಕ್ಟರು ಹೇಳಿದ ಸುದ್ದಿ ಕೇಳಿ ನಿಲ್ದಾಣದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೇಡಂ, ಆ ಡಾಕ್ಟರು ಎಲ್ಲಿರೋದು ಹೇಳಿ, ಹೋಗಿ ಕಾಲಿಗೆ ಬಿದ್ದು ಬರ್ತೀನಿ” ಅಂದ ಕಂಟ್ರೋಲರು. ನನ್ನ ಬದಲಿಗೆ ಮೈಕಿನ ಮುಂದೆ ಕೂರಲು ಟಿಕೆಟ್ ಕೌಂಟರಿನ ಮೀಸೆಯವನನ್ನು ಒಪ್ಪಿಸಿದರು. ಅವನು ಒಂದು ವಾಕ್ಯ ಶುರು ಮಾಡಿದರೆ ಕೊನೆ ಮುಟ್ಟುವಷ್ಟರಲ್ಲಿ ಬಸ್ಸೇ ಹೊರಟುಹೋಗಿರುತ್ತದೆ.

ಕೆಳದವಡೆಯ ಮೂಲೆಯಲ್ಲಿ ಬುದ್ಧಿಹಲ್ಲು ಅಡ್ಡಡ್ಡ ಹುಟ್ಟಿ, ಅದರ ಬುಡದಲ್ಲಿ ನೀರುಗುಳ್ಳೆಯೊಂದು ಬೆಳೆದು ದವಡೆಯ ಎಲುಬನ್ನು ತಿನ್ನುತ್ತಿತ್ತು. ಬುದ್ಧಿ ನೆಟ್ಟಗೆ ಹುಟ್ಟಿದ್ದರೆ ತಾನೇ ಹಲ್ಲು ನೆಟ್ಟಗೆ ಹುಟ್ಟುವುದು ಎಂದು ನಾನೇ ನನ್ನನ್ನು ಹಂಗಿಸಿಕೊಂಡೆ. ಆಪರೇಷನ್ನಿಗೆ ಮುಂಚೆ ಹಲ್ಲಿನ ಆಸ್ಪತ್ರೆಯ ನರ್ಸಮ್ಮ ಕೇಳಿದರು: “ಮನೇಲಿ ಜೊತೆಗೆ ಯಾರಿರ್ತಾರೆ?”

“ಅಕ್ಕ ಬರ್ತಾಳೆ” ಅಂದುಬಿಟ್ಟೆ.

“ಅವರ ನಂಬರ್ ಹೇಳಿ.”

ಹೇಳಿದೆ. ಬಾಯಿಪಾಠವಿದ್ದ ನಂಬರು ಅದೊಂದೇ. ಆದರೆ ಅಕ್ಕ ಬರುವ ಮಾತು ಶುದ್ಧ ಸುಳ್ಳು. ಮೂರು ವರ್ಷದಿಂದ ನಾವಿಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡಿರಲಿಲ್ಲ. ನನ್ನ ಗಂಡ ಇನ್ನೊಬ್ಬಳ ಮನೆಗೆ ಗಂಟುಮೂಟೆ ಕಟ್ಟಿಕೊಂಡು ಹೋದಾಗ ಅಕ್ಕ ಓಡಿ ಬಂದು ನನ್ನ ಜೊತೆಗಿದ್ದಳು. ಊಟ ಮಾಡಿಸಿದಳು, ತಲೆ ಬಾಚಿದಳು, ಅವನ ಅಂಗಿಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆಸೆದಳು. ಅಷ್ಟೆಲ್ಲ ಮಾಡಿ ಹೊರಡುವ ದಿನ, “ನಿನ್ನ ಬಾಯೊಂದು ಸ್ವಲ್ಪ ಹಿಡಿತದಲ್ಲಿದ್ದಿದ್ರೆ ಅವನು ಇರ್ತಿದ್ನೇನೋ ಕಣೆ” ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ನನ್ನ ಮನೆಗೆ ಕಾಲಿಡಬೇಡ ಅಂದೆ. ಅಕ್ಕ ಚಪ್ಪಲಿ ಹಾಕಿಕೊಳ್ಳುತ್ತ, “ನೀನಾಗಿ ಬಾ ಅನ್ನೋ ತನಕ ಇಡಲ್ಲ” ಅಂದಳು.

ಅವಳು ಮಾತು ಅಂದರೆ ಮಾತು ಅನ್ನುವ ಹೆಂಗಸು. ಬಂಧುಗಳ ಮನೆಯಲ್ಲಿ ಎದುರುಬದುರಾದರೆ ಮಗಳ ಕಡೆ ತಿರುಗಿ, “ನಿಮ್ಮ ಚಿಕ್ಕಮ್ಮಂಗೆ ಹೇಳು, ತುಂಬಾ ಇಳಿದುಹೋಗಿದ್ದಾಳೆ, ಹೊತ್ತೊತ್ತಿಗೆ ತಿನ್ನಲಿ ಅಂತ” ಅನ್ನುತ್ತಿದ್ದಳು. ನಾನೂ ಅದೇ ಹುಡುಗಿಗೆ, “ನಿಮ್ಮಮ್ಮಂಗೆ ಹೇಳು, ಅವಳಷ್ಟು ದಪ್ಪ ಆಗೋಕೆ ನನಗಿಷ್ಟ ಇಲ್ಲ ಅಂತ” ಅನ್ನುತ್ತಿದ್ದೆ. ಆ ಪಾಪದ ಹುಡುಗಿ ಟೆನಿಸ್ ನೋಡುವವಳ ಹಾಗೆ ಅತ್ತಿತ್ತ ಕತ್ತು ತಿರುಗಿಸುತ್ತಿದ್ದಳು. ಬಾ ಅನ್ನುವ ಒಂದೇ ಒಂದು ಅಕ್ಷರ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಎಷ್ಟೋ ಸಂಜೆ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಿದ್ದೇನೆ.

ಆಪರೇಷನ್ ಮುಗಿಸಿ ಕುರ್ಚಿಯಿಂದ ಎಬ್ಬಿಸಿದಾಗ ಮುಖದ ಅರ್ಧಭಾಗ ನನ್ನದಾಗಿರಲಿಲ್ಲ. ಹಲ್ಲುಗಳ ನಡುವೆ ಹತ್ತಿಬಟ್ಟೆಯ ದಪ್ಪ ಉಂಡೆ ತುರುಕಿದ್ದರು. ನರ್ಸಮ್ಮ ಮಗುವಿಗೆ ಹೇಳುವ ಹಾಗೆ ಹೇಳಿಕೊಟ್ಟರು. “ಬಟ್ಟೆ ಗಟ್ಟಿಯಾಗಿ ಕಚ್ಚಿಕೊಂಡಿರಿ, ತೆಗೆದು ತೆಗೆದು ನೋಡ್ಬೇಡಿ. ಹೊರಗಡೆಯಿಂದ ಕೆನ್ನೆಗೆ ಐಸ್ ಇಡ್ತಾ ಇರಿ. ಉಗುಳೋ ಹಾಗಿಲ್ಲ. ಸ್ಟ್ರಾ ಹಾಕಿ ಹೀರೋ ಹಾಗಿಲ್ಲ. ಗುಂಡೀಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತಲ್ಲ, ಅದೇ ನಿಮಗೆ ಔಷಧಿ. ಉಗುಳಿದ್ರೆ ಅದು ಕಿತ್ತು ಬರುತ್ತೆ, ಒಳಗಿನ ಎಲುಬು ಬಯಲಾಗುತ್ತೆ. ಆಮೇಲೆ ಆ ನೋವು ತಡಿಯೋಕಾಗಲ್ಲ. ಉಪ್ಪುನೀರು ನಾಳೆಯಿಂದ. ಮಾತು ಮಾತ್ರ ಬೇಡವೇ ಬೇಡ.” ನಾನು ತಲೆಯಾಡಿಸಿದೆ. “ಅಕ್ಕ ಎಲ್ಲಿ, ಬಂದಿಲ್ವಾ?” ಎಂದು ಕೇಳಿದರು. ಕೆಳಗಿದ್ದಾಳೆ ಎಂದು ಬೆರಳಲ್ಲಿ ತೋರಿಸಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಬಾಡಿಗೆ ಕಾರಿನಲ್ಲಿ ಒಬ್ಬಳೇ ಮನೆಗೆ ಬಂದೆ.

ಮನೆಯಲ್ಲಿ ದಿಂಬಿನ ಮೇಲೆ ದಿಂಬಿಟ್ಟು ಒರಗಿಕೊಂಡೆ. ಐಸನ್ನು ಕೈವಸ್ತ್ರದಲ್ಲಿ ಸುತ್ತಿ ಕೆನ್ನೆಗಿಟ್ಟರೆ ಅದು ಯಾರದೋ ಕೆನ್ನೆಗೆ ಇಟ್ಟ ಹಾಗಿತ್ತು. ಬಾಯಿಯ ತುದಿಯಿಂದ ಕೆಂಪು ಜೊಲ್ಲು ಇಳಿದರೂ ಗೊತ್ತಾಗುತ್ತಿರಲಿಲ್ಲ. ಕತ್ತು ಒದ್ದೆಯಾದ ಮೇಲೆಯೇ ಒರೆಸಿಕೊಳ್ಳಬೇಕು. ಕಿಟಕಿಯಾಚೆ ನಿಲ್ದಾಣದ ಸ್ಪೀಕರಿನಲ್ಲಿ ಮೀಸೆಯವನು ತಡವರಿಸುತ್ತಿದ್ದ. ನನ್ನನ್ನು ನಾನೇ ನೋಡಿಕೊಳ್ಳಬಲ್ಲೆ ಎಂಬ ಜಂಬ ಒಳಗೆಲ್ಲೋ ಇತ್ತಲ್ಲ, ಅದು ಆ ಮಧ್ಯಾಹ್ನ ಸದ್ದಿಲ್ಲದೆ ಇಳಿದುಹೋಯಿತು. ಒಂದು ಲೋಟ ನೀರು ತಂದುಕೊಡುವವರಿಲ್ಲ ಅನ್ನುವುದು ಅಂಥ ದೊಡ್ಡ ವಿಷಯವೇನಲ್ಲ. ನೀರು ಬೇಕಾ ಎಂದು ಕೇಳುವವರಿಲ್ಲವಲ್ಲ, ಅದು ಎದೆಗೆ ಚುಚ್ಚಿತು.

ಆಗ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಅಕ್ಕ ಎಂದಿತ್ತು.

“ಅಕ್ಕಾ” ಅಂದೆ. ಬಟ್ಟೆಯ ಉಂಡೆ ಕಚ್ಚಿಕೊಂಡಿದ್ದರೂ ಅದು ಸರಿಯಾಗಿಯೇ ಬಂತು.

“ಆಸ್ಪತ್ರೆಯಿಂದ ಫೋನ್ ಮಾಡಿದ್ರು ಕಣೆ. ನಿಮ್ಮ ತಂಗೀನ ಕಳಿಸಿದ್ದೀವಿ, ಇವತ್ತು ಒಬ್ಬರನ್ನೇ ಬಿಡಬೇಡಿ ಅಂದ್ರು. ನನಗೆ ಕೈಕಾಲೇ ಆಡಲಿಲ್ಲ. ಹಲ್ಲು ಅಂತಾರೆ, ದವಡೆ ಅಂತಾರೆ, ಎಲುಬು ಕೊರೆದ್ರು ಅಂತಾರೆ. ತುಂಬಾ ನೋಯ್ತಿದ್ಯಾ?”

ನಾನು ಹೂಂಗುಟ್ಟಿದೆ. ಆಚೆ ಕಡೆ ಅಕ್ಕ ಗಂಟಲು ಸರಿ ಮಾಡಿಕೊಂಡಳು. ಆಮೇಲೆ ದನಿ ತಗ್ಗಿಸಿ, ಒಂದೊಂದೇ ಮಾತನ್ನು ಇಟ್ಟು ಇಟ್ಟು ಕೇಳಿದಳು.

“ನೀನು ಜಾಸ್ತಿ ಮಾತಾಡ್ಬೇಡ, ಹೊಲಿಗೆ ಬಿಟ್ಟುಹೋದೀತು. ಒಂದೇ ಮಾತು ಹೇಳು, ಸಾಕು. ನಾನು ಬರ್ಲಾ, ಬೇಡ್ವಾ?”

ಮೂರು ವರ್ಷದ ಕೋಪ ಎಲ್ಲಿ ಹೋಯಿತೋ. ನನಗೆ ಅಕ್ಕ ಬೇಕಾಗಿತ್ತು. ಬಂದು ಬೈದರೂ ಸರಿ, ನಿನ್ನ ಬಾಯಿಗೆ ಸರಿಯಾದ ಶಾಸ್ತಿ ಆಯ್ತು ಅಂದರೂ ಸರಿ, ಬಂದು ಈ ಮಂಚದ ತುದಿಯಲ್ಲಿ ಕೂತರೆ ಸಾಕಾಗಿತ್ತು. ಎದೆಯಾಳದಿಂದ ಉಸಿರೆಳೆದು, ಅಭ್ಯಾಸದಂತೆ ಮುಖವನ್ನು ಒಂಚೂರು ಪಕ್ಕಕ್ಕೆ ತಿರುಗಿಸಿ, “ಬಾ” ಅಂದೆ. ಮುಖ ತಿರುಗಿಸುವುದು ನಮ್ಮ ಕಸುಬಿನ ಪಾಠ. ಪ, ಬ ಇರುವ ಮಾತು ಬಂದಾಗ ತುಟಿಯಿಂದ ಗಾಳಿ ಸಿಡಿದು ಮೈಕು ಢಬ್ಬೆನ್ನುತ್ತದೆ. ಅದಕ್ಕೇ ಆ ಅಕ್ಷರಗಳನ್ನು ಮೈಕಿನ ಪಕ್ಕಕ್ಕೆ ಬಿಡಬೇಕು. ಇಷ್ಟು ವರ್ಷ ಹಾಗೇ ಕೂಗಿ ಕೂಗಿ, ಫೋನಿನಲ್ಲೂ ನನ್ನ ಕತ್ತು ತಾನಾಗಿಯೇ ತಿರುಗುತ್ತದೆ. ನನ್ನ ತಲೆಯೊಳಗೆ ಆ ಬಾ ಗಂಟೆ ಹೊಡೆದ ಹಾಗೆ ಕೇಳಿಸಿತು.

ಆಚೆ ಕಡೆ ಸ್ವಲ್ಪ ಹೊತ್ತು ಏನೋ ಗುಸುಗುಸು. ಮತ್ತೆ ಅಕ್ಕನ ದನಿ ಬಂದಾಗ ಅದು ತೀರಾ ಸಣ್ಣದಾಗಿತ್ತು. “ಆಯ್ತು ಹಾಗಾದ್ರೆ. ಬಿಸಿದೇನೂ ಕುಡಿಯೋಕೆ ಹೋಗ್ಬೇಡ. ತಲೆ ಎತ್ತರಕ್ಕಿಟ್ಟು ಮಲಕ್ಕೋ. ಇಡ್ಲಾ?”

ಅಳು ತಡೆದುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ನಾನೂ ತಡೆದುಕೊಳ್ಳುತ್ತಿದ್ದೆನಲ್ಲ. ಫೋನಿಟ್ಟು ದಿಂಬಿಗೆ ಒರಗಿದಾಗ ನನಗೆ ನೋವೇ ಮರೆತಿತ್ತು. ಕೊನೆಗೂ ಅಂದುಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಎದ್ದು ಮಾಡಿದ ಮೊದಲ ಕೆಲಸ ಬಾಗಿಲ ಚಿಲಕ ತೆಗೆದಿಟ್ಟಿದ್ದು. ಅಕ್ಕ ಬಾಗಿಲು ಬಡಿದು ಕಾಯುವುದು ಬೇಡ ಅನ್ನಿಸಿತು. ಇನ್ನೊಂದು ಮಂಚದ ಮೇಲೆ ಪೇರಿಸಿದ್ದ ಇಸ್ತ್ರಿ ಬಟ್ಟೆಗಳನ್ನು ಕುರ್ಚಿಗೆ ಹಾಕಿ, ಹಾಸಿಗೆ ಕೊಡವಿ, ಒಳ್ಳೆಯ ಹೊದಿಕೆ ಹಾಸಿದೆ. ಬಗ್ಗಿದರೆ ದವಡೆಯೊಳಗೆ ನೆತ್ತರು ಡಬಡಬ ಬಡಿಯುತ್ತಿತ್ತು. ಬಗ್ಗಬೇಡಿ, ಭಾರ ಎತ್ತಬೇಡಿ ಎಂದು ನರ್ಸಮ್ಮ ಹೇಳಿದ್ದರು, ನಾನು ಯಾರ ಮಾತು ಕೇಳಿದವಳು. ಉಗುರುಬೆಚ್ಚಗಿನ ನೀರಿಗೆ ಉಪ್ಪು ಹಾಕಿ ಬಾಯಿಗೆ ತುಂಬಿಕೊಂಡು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಉಗುಳದೆ ಬೇಸಿನ್ನಿನ ಮೇಲೆ ಬಾಯಿ ತೆರೆದು ತಾನಾಗಿಯೇ ಬೀಳಲು ಬಿಡಬೇಕು. ತಣ್ಣಗಿನ ಮೊಸರನ್ನು ಸಣ್ಣ ಚಮಚದ ತುದಿಯಲ್ಲಿ ಒಳಗೆ ದೂಡಬೇಕು. ಎಲ್ಲ ಮಾಡಿದೆ. ತುಟಿಗೂ ಜೀವ ಬಂದಿತ್ತು. ಜುಮುಜುಮು ಅನ್ನುತ್ತಿತ್ತು.

ಅಕ್ಕನ ಊರಿನಿಂದ ಬರುವ ಬಸ್ಸುಗಳು ನನಗೆ ಗೊತ್ತಿಲ್ಲದಿದ್ದರೆ ಇನ್ನಾರಿಗೆ ಗೊತ್ತಿರಬೇಕು. ಮೀಸೆಯವನು ಆ ಊರಿನ ಹೆಸರನ್ನು ಅರ್ಧ ನುಂಗಿ ಕೂಗಿದಾಗಲೆಲ್ಲ ನಾನು ಎದ್ದು ಕೂರುತ್ತಿದ್ದೆ. ಇಳಿದಿರುತ್ತಾಳೆ. ಬ್ಯಾಗು ಯಾರೂ ಕದಿಯಬಾರದೆಂದು ಹೊಟ್ಟೆಗವಚಿಕೊಂಡಿರುತ್ತಾಳೆ. ಹಣ್ಣಿನ ಅಂಗಡಿಯ ಹತ್ತಿರ ನಿಂತು ಚೌಕಾಸಿ ಮಾಡುತ್ತಿರುತ್ತಾಳೆ. ಈಗ ತಿರುವು, ಈಗ ಔಷಧಿ ಅಂಗಡಿ, ಈಗ ನಮ್ಮ ಗೇಟು. ಗೇಟು ಸದ್ದು ಮಾಡಲಿಲ್ಲ. ಇನ್ನೊಂದು ಬಸ್ಸು ಬಂತು. ಮತ್ತೂ ಒಂದು ಬಂತು. ಭಾವನಿಗೆ ಅಡುಗೆ ಮಾಡಿಟ್ಟು ಹೊರಡಬೇಕಲ್ಲ, ತಡವಾಗುತ್ತದೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಭಾವನಿಗೆ ಹಾಲು ಕಾಯಿಸಲೂ ಬರುವುದಿಲ್ಲ.

ಅದರ ಮರುದಿನವೂ ಬರಲಿಲ್ಲ. ಊತ ಅವತ್ತು ಹೆಚ್ಚಾಗುತ್ತದೆ, ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿದ್ದರು. ಕನ್ನಡಿಯಲ್ಲಿ ನೋಡಿಕೊಂಡರೆ ಒಂದು ಕೆನ್ನೆ ಮಾತ್ರ ಬಾಡಿಗೆಗೆ ತಂದ ಹಾಗೆ ಉಬ್ಬಿ, ಕತ್ತಿನವರೆಗೆ ಹಳದಿ ನೀಲಿ ಇಳಿದಿತ್ತು. ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಮಾತ್ರೆಯನ್ನು ಎರಡು ತುಂಡು ಮಾಡಿ ಆ ಸಂದಿಯಲ್ಲಿ ತೂರಿಸುವಾಗ ಕೈತಪ್ಪಿ ಒಂದು ತುಂಡು ಮಂಚದಡಿ ಉರುಳಿಹೋಯಿತು. ಅದನ್ನು ತೆಗೆಯಲು ನೆಲದ ಮೇಲೆ ಮಂಡಿಯೂರಿದವಳು ಅಲ್ಲೇ ಕೂತು ಅತ್ತುಬಿಟ್ಟೆ. ನೋವಿಗಲ್ಲ. ಹಾಸಿದ ಹೊದಿಕೆ ಹಾಸಿದ ಹಾಗೇ ಇತ್ತು, ಒಂದು ಸುಕ್ಕೂ ಬಿದ್ದಿರಲಿಲ್ಲ. ಅದನ್ನು ನೋಡಿ ಅಳು ಬಂತು.

ಅಳು ಮುಗಿದ ಮೇಲೆ ಕೋಪ ಬಂತು. ನನ್ನದು ಯಾವಾಗಲೂ ಅದೇ ಕ್ರಮ. ಬರ್ಲಾ ಅಂತ ಕೇಳಿದವಳು ಅವಳೇ. ಬಾ ಅಂತ ಅಂದೂ ಆಯ್ತು. ಇನ್ನೇನು, ತಮಟೆ ಬಡಿದು ಕರೆಯಬೇಕಾ? ನನ್ನಿಂದ ಬಾ ಅನ್ನಿಸಿಕೊಳ್ಳಬೇಕಿತ್ತು, ಅನ್ನಿಸಿಕೊಂಡಳು, ಗೆದ್ದಳು, ಈಗ ಆರಾಮಾಗಿ ಮನೆಯಲ್ಲಿ ಕೂತಿದ್ದಾಳೆ. ಅಕ್ಕನ ಮಗಳಿಗೆ, “ಏನಮ್ಮಾ, ಮಹಾರಾಣಿಯವರ ಸವಾರಿ ಎಲ್ಲಿಗೆ ಬಂತು?” ಎಂದು ಮೆಸೇಜು ಟೈಪು ಮಾಡಿದೆ. ಓದಿ ನೋಡಿದೆ. ಕರೆಯುವುದನ್ನು ಒಮ್ಮೆ ಕರೆದಾಗಿದೆ, ಎರಡನೇ ಸಲ ಕೈಯೊಡ್ಡಬಾರದು ಅನ್ನಿಸಿ ಅಳಿಸಿಹಾಕಿದೆ. ಆ ಮೆಸೇಜು ಹೋಗಿದ್ದಿದ್ದರೆ ಎಂದು ಈಗ ಲೆಕ್ಕ ಹಾಕುತ್ತ ಕೂತರೆ ತಲೆ ಕೆಡುತ್ತದೆ, ಆದರೂ ಹಾಕುತ್ತೇನೆ.

ಊತ ಇಳಿಯಲು ಶುರುವಾದ ದಿನ, ಬೆಳಗಿನ ಹೊತ್ತಲ್ಲಿ, ಫೋನು ಬಂತು. ಅಕ್ಕನ ನಂಬರು. ಎತ್ತಿದರೆ ಭಾವನ ದನಿ.

“ನಿಮ್ಮಕ್ಕ ಹೋಗ್ಬಿಟ್ಲು ಕಣಮ್ಮಾ” ಅಂದರು.

ನನ್ನ ಮನಸ್ಸು ಕುಣಿಯಿತು. ಅಂತೂ ಹೊರಟಳಲ್ಲ! ನಿನ್ನೆ ಬೈದದ್ದನ್ನೆಲ್ಲ ಅಲ್ಲೇ ವಾಪಸ್ಸು ತೆಗೆದುಕೊಂಡೆ. ಹೊಲಿಗೆ ಎಳೆಯುತ್ತಿದ್ದರೂ ಲೆಕ್ಕಿಸದೆ, ಹಲ್ಲಿನ ಸಂದಿಯಿಂದಲೇ ಕೇಳಿದೆ, “ಯಾವ ಬಸ್ಸಿಗೆ ಭಾವ?”

ಆ ಕಡೆಯಿಂದ ಭಾವ ಅಳುವುದು ಕೇಳಿಸಿತು. ಗಂಡಸು ಅಳುವುದನ್ನು ನಾನು ಫೋನಿನಲ್ಲಿ ಅದೇ ಮೊದಲು ಕೇಳಿದ್ದು.

ಆದದ್ದು ಹಿಂದಿನ ದಿನ ಸಂಜೆಯಂತೆ. ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಿದ್ದಾಳೆ. ಭಾವ ಅಂಗಡಿ ಕಡೆ ಹೋಗಿದ್ದರು, ಮಗಳು ಕೆಲಸದಿಂದ ಬಂದಿರಲಿಲ್ಲ. ಮಗಳು ಬಂದು ಬಾಗಿಲು ತೆಗೆದಾಗ ಇನ್ನೂ ಉಸಿರಿತ್ತಂತೆ. ಆಸ್ಪತ್ರೆ ಮುಟ್ಟಿಸಿದರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಿಲ್ದಾಣಕ್ಕೆ ಹೇಗೆ ಬಂದೆನೋ ತಿಳಿಯದು. ಕಂಟ್ರೋಲರು ನನ್ನ ಮುಖ ನೋಡಿ ತಮಾಷೆ ಮಾಡಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡು, ಯಾರನ್ನೋ ಎಬ್ಬಿಸಿ ನನಗೆ ಕಿಟಕಿಯ ಪಕ್ಕ ಸೀಟು ಕೊಡಿಸಿದ. ಮೇಲಿನಿಂದ ಮೀಸೆಯವನು ಅಕ್ಕನ ಊರಿನ ಬಸ್ಸು ಹೊರಡುತ್ತಿದೆ ಎಂದು ಕೂಗಿದ. ಅವತ್ತು ಮಾತ್ರ ಒಂದಕ್ಷರವನ್ನೂ ನುಂಗಲಿಲ್ಲ.

ಮುಂದಿನ ಕೋಣೆಯ ನೆಲದ ಮೇಲೆ ಅಕ್ಕನನ್ನು ಮಲಗಿಸಿದ್ದರು. ಹೊದಿಕೆಯನ್ನು ಗಲ್ಲದವರೆಗೆ ಎಳೆದಿದ್ದರು. ಅವಳ ಹುಬ್ಬುಗಳು ಬಯ್ಯಲು ಹೊರಟಾಗ ಗಂಟಾಗುತ್ತಿದ್ದವಲ್ಲ, ಅವು ಈಗ ಬಿಡಿಬಿಡಿಯಾಗಿದ್ದವು. ಅದರಿಂದಲೇ ಅವಳು ಅವಳಲ್ಲ ಅನ್ನಿಸಿತು. ನಾನು ಪಕ್ಕದಲ್ಲಿ ಕೂತೆ. ಬಾಯಿ ಬಿಟ್ಟು ಅಳಬೇಕೆಂದರೆ ಬಾಯಿ ಬಿಡುತ್ತಿರಲಿಲ್ಲ. ದವಡೆ ಒಂದು ಬೆರಳಿನಷ್ಟು ತೆರೆದು ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಅಳು ಮೂಗಿನಿಂದ, ಹಲ್ಲಿನ ಸಂದಿಯಿಂದ, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಸುಯ್ಯೆಂದು ಬರುತ್ತಿತ್ತು. ಬಾಗಿಲ ಬಳಿ ನಿಂತ ನೆರೆಮನೆಯಾಕೆ ಇನ್ನೊಬ್ಬಳಿಗೆ, “ಒಡಹುಟ್ಟಿದವಳಂತೆ. ಒಂದು ದನಿ ತೆಗೆದು ಅಳಲಿಲ್ಲ ನೋಡಿ” ಅಂದದ್ದು ನನ್ನ ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ಅವಳ ಜನ್ಮ ಜಾಲಾಡುತ್ತಿದ್ದೆ. ಅವತ್ತು ಅವಳು ಹೇಳಿದ್ದೇ ಸರಿ ಅನ್ನಿಸಿತು.

ಅಕ್ಕನ ಮಗಳು ಬಂದು ನನ್ನ ಭುಜ ಮುಟ್ಟಿದಳು. ಕಣ್ಣು ಕೆಂಪಾಗಿತ್ತು, ಆದರೆ ಒಣಗಿತ್ತು. “ಒಳಗೆ ಬನ್ನಿ ಚಿಕ್ಕಮ್ಮಾ” ಅಂದಳು. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಅದು ಅಕ್ಕ ಮಲಗುತ್ತಿದ್ದ ಕೋಣೆ. ಮಗಳು ಮಂಚದ ಮೇಲೆ ಕೂರಲಿಲ್ಲ, ನನ್ನನ್ನೂ ಕೂರಲು ಹೇಳಲಿಲ್ಲ.

“ಆಸ್ಪತ್ರೆಯಿಂದ ಫೋನ್ ಬಂತಲ್ಲ, ಆವಾಗಿಂದ ಅಮ್ಮಂಗೆ ನಿಂತಲ್ಲಿ ನಿಲ್ಲೋಕಾಗ್ತಿರಲಿಲ್ಲ. ನಿಮಗೆ ಫೋನ್ ಮಾಡೋಕೆ ಮುಂಚೇನೇ ಬ್ಯಾಗ್ ತುಂಬ್ಕೊಂಡ್ಲು. ಮೆತ್ತಗಿರೋ ಹಳೇ ಸೀರೆ ಹರಿದು ಹರಿದು ಮಡಚಿ ಇಟ್ಕೊಂಡ್ಲು, ಅವಳಿಗೆ ಬಾಯಿ ಒರೆಸ್ಕೊಳೋಕೆ ಬೇಕಾಗುತ್ತೆ ಅಂತ. ಕರೀದೆ ಹೋಗ್ಬಾರ್ದು, ಮಾತು ಕೊಟ್ಟಿದ್ದೀನಿ, ಒಂದ್ಸಲ ಬಾಯಿಬಿಟ್ಟು ಬಾ ಅಂದ್ಬಿಟ್ರೆ ಸಾಕು ಅಂತ ನೂರು ಸಲ ಅಂದ್ಲು.”

ನಾನು ಬೇಗಬೇಗ ತಲೆಯಾಡಿಸಿದೆ. ಅಂದೆನಲ್ಲ, ಅಂದೆನಲ್ಲ ಎಂದು ಒಳಗೆ ಕೂಗುತ್ತಿದ್ದೆ. ಹಾಗಾದರೆ ಯಾಕೆ ಬರಲಿಲ್ಲ ಎಂದು ಕೇಳಬೇಕೆಂದು ದವಡೆ ಸಡಿಲಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

“ಅಮ್ಮಂಗೆ ಈಚೆಗೆ ಫೋನಲ್ಲಿ ಸರಿಯಾಗಿ ಕೇಳಿಸ್ತಿರಲಿಲ್ಲ. ಅದಕ್ಕೆ ಸ್ಪೀಕರ್ ಹಾಕಿ ನಾನೂ ಪಕ್ಕದಲ್ಲೇ ಕೂತಿದ್ದೆ. ಬರ್ಲಾ, ಬೇಡ್ವಾ ಅಂತ ಕೇಳಿದ್ಲು. ನೀವು ಹಾಂ ಅಂದ್ರಿ. ಬೇಡ್ವಾ ಅಂದಿದ್ದಕ್ಕೆ, ಹಾಂ ಅಂತ. ಅಮ್ಮಂಗೆ ಗೊತ್ತಾಗ್ಲಿಲ್ಲ. ಏನಂದ್ಲು, ಏನಂದ್ಲು ಅಂತ ನನ್ನ ಕೇಳಿದ್ಲು. ನಾನೇ ಹೇಳ್ದೆ. ಬೇಡ್ವಂತೆ ಅಮ್ಮಾ ಅಂತ.”

ನಾನು ತುಟಿ ಮುಟ್ಟಿಕೊಂಡೆ.

ಬಟ್ಟೆ ಕಚ್ಚಿಕೊಂಡ ಬಾಯಿ, ಸತ್ತ ತುಟಿ. ಅದರ ಮೇಲೆ ನನ್ನ ಹಾಳು ಅಭ್ಯಾಸ, ಮುಖ ಬೇರೆ ತಿರುಗಿಸಿದ್ದೆ. ಅಕ್ಕ ಅನ್ನಲು ತುಟಿ ಬೇಡ, ಅದಕ್ಕೇ ಅದು ಸರಿಯಾಗಿ ಬಂದಿತ್ತು. ಬಾ ಅನ್ನಲು ತುಟಿಗೆ ತುಟಿ ಸೇರಬೇಕು. ಸೇರದಿದ್ದರೆ ಉಳಿಯುವುದು ಬರೀ ಆ. ಜೀವಮಾನವಿಡೀ ಅಕ್ಷರ ಅಕ್ಷರವನ್ನೂ ಬಿಡಿಸಿ ಕೂಗಿ ಊಟ ಮಾಡಿದವಳಿಗೆ, ಬೇಕಾದ ಹೊತ್ತಿನಲ್ಲಿ ಒಂದೇ ಒಂದು ಅಕ್ಷರ ಹುಟ್ಟಲಿಲ್ಲ. ನಾನು ಬಾ ಅಂದೆ ಕಣೇ, ನನ್ನ ಬಂಗಾರ, ಬಾ ಅಂತಲೇ ಅಂದೆ. ಆ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

ಹುಡುಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. “ಅಮ್ಮ ಬ್ಯಾಗಿಂದ ಒಂದೊಂದೇ ತೆಗೆದು ವಾಪಸ್ ಇಟ್ಲು. ಇರ್ಲಿ ಬಿಡು, ನೋವಲ್ಲಿದ್ದಾಳೆ, ವಾಸಿಯಾದ್ಮೇಲೆ ಅವಳೇ ಕರೀತಾಳೆ ಅಂದ್ಲು. ನಾನು ದಿನಾ ಕೆಲಸಕ್ಕೆ ಹೋಗ್ತಿದ್ದೆ. ನಿಮ್ಮನೇಲಿದ್ದಿದ್ರೆ ನೀವಿರ್ತಿದ್ರಿ. ದೊಡ್ಡಾಸ್ಪತ್ರೆ ನಿಮ್ಮ ಬೀದೀಲೇ ಇದೆ. ಇಲ್ಲಿ ಒಬ್ಬಳೇ ಬಿದ್ದಿದ್ಲು ಚಿಕ್ಕಮ್ಮಾ, ನಾನು ಬರೋ ತನಕ ಎಷ್ಟೊತ್ತು ಬಿದ್ದಿದ್ಲೋ.” ಆಗಲೂ ಅವಳ ಕಣ್ಣು ಒದ್ದೆಯಾಗಲಿಲ್ಲ. “ಆಗಿಂದ ಒಂದೇ ಯೋಚನೆ. ನಾನು ಸರಿಯಾಗಿ ಕೇಳಿಸ್ಕೊಂಡ್ನಾ, ಇಲ್ವಾ? ಸ್ಪೀಕರಲ್ಲಿ ಗೊರಗೊರ ಅಂತಿತ್ತು. ಇನ್ನೊಂದ್ಸಲ ಕೇಳಿ ಅಂತ ಹೇಳ್ಬೇಕಿತ್ತಾ? ಹೇಳಿ ಚಿಕ್ಕಮ್ಮಾ. ನೀವು ಬೇಡ ಅಂತಾನೇ ಅಂದ್ರಾ?”

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಈ ಹುಡುಗಿ ಹುಟ್ಟಿದಾಗ ಅಕ್ಕನ ಪಕ್ಕದಿಂದ ಮೊದಲು ಎತ್ತಿಕೊಂಡವಳು ನಾನು. ನನಗೆ ಮಕ್ಕಳಿಲ್ಲ, ಅವಳೇ ಇದ್ದದ್ದು. ನಿಜ ಹೇಳಿದರೆ ನನ್ನ ಎದೆ ಹಗುರಾಗುತ್ತಿತ್ತು. ಅಕ್ಕನನ್ನು ನಾನು ಕರೆದಿದ್ದೆ ಎಂದು ಈ ಭೂಮಿಯ ಮೇಲೆ ಒಬ್ಬರಿಗಾದರೂ ಗೊತ್ತಾಗುತ್ತಿತ್ತು. ಆದರೆ ಆ ನಿಜ ನನ್ನ ಬಾಯಿಂದ ಹೊರಟು ಸೀದಾ ಹೋಗಿ ಕೂರುವುದು ಅವಳ ತಲೆಯ ಮೇಲೆ. ಬೇಡ್ವಂತೆ ಅಮ್ಮಾ ಎಂದು ಹೇಳಿದ ತನ್ನ ದನಿಯನ್ನೇ ಅವಳು ಸಾಯುವವರೆಗೂ ಕೇಳಿಸಿಕೊಳ್ಳಬೇಕು. ಹಾಗೆ ಬದುಕುವುದು ಇಪ್ಪತ್ತನಾಲ್ಕರ ಹುಡುಗಿಯ ಕೈಲಾಗುವ ಕೆಲಸವಲ್ಲ. ನನ್ನ ಕೈಲಾಗುವುದೋ ಇಲ್ಲವೋ, ನನಗಾದರೆ ಬೈಸಿಕೊಂಡು ರೂಢಿಯಿದೆ.

ಹೊಲಿಗೆ ಚುರುಕೆಂದಿತು. ನಾನು ನಿಧಾನವಾಗಿ, ಮುಖ ತಿರುಗಿಸದೆ, ಅವಳ ಕಣ್ಣು ನೋಡುತ್ತ ಹೇಳಿದೆ.

“ಸರಿಯಾಗೇ ಕೇಳಿಸ್ಕೊಂಡಿದ್ದೀಯ. ಬೇಡ ಅಂತಾನೇ ಅಂದೆ.”

ತುಟಿ ಈ ಸಲ ಸರಿಯಾಗಿ ಸೇರಿತು.

“ಯಾಕೆ?” ಅಂದಳು.

“ಕೋಪ ಇತ್ತು.”

ಅವಳು ನನ್ನ ಮುಖವನ್ನೇ ನೋಡಿದಳು, ಊದಿದ ಕೆನ್ನೆಯನ್ನು, ಹಳದಿಗಟ್ಟಿದ ಕತ್ತನ್ನು. ಆಮೇಲೆ ಅವಳ ಭುಜಗಳು ಇಳಿದವು. ಕಣ್ಣಲ್ಲಿ ನೀರು ತುಂಬಿತು. ನನ್ನ ಕೈ ಬಿಟ್ಟು, ಗೋಡೆಯ ಕಡೆ ತಿರುಗಿ, ಅಮ್ಮಾ ಎಂದು ಬಾಯಿ ಬಿಟ್ಟು ಅಳಲು ಶುರು ಮಾಡಿದಳು. ನಾನು ಬೆನ್ನು ಸವರಲು ಕೈ ಚಾಚಿದೆ. ಅವಳು ತಿರುಗಿ ನೋಡದೆಯೇ ಪಕ್ಕಕ್ಕೆ ಸರಿದು ನಿಂತಳು.